ಮೇಳಕ್ಕೆ ಬಂದ ಮೊಲದ ಆರೋಗ್ಯ ಯಾರ ಹೊಣೆ?

2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ ಹಾವೇರಿ ಜಿಲ್ಲೆಗೆ ಬಿದ್ದ ಪೆಟ್ಟು ಸಣ್ಣದಲ್ಲ. ದನದ ಸಂತೆಗಳು ನಿಂತವು, ಜಾನುವಾರು ಸಾಗಾಟಕ್ಕೆ ತಡೆ ಬಿತ್ತು, ಆಡಿನ ಸಿಡುಬಿಗೆ ಹಾಕುವ ಲಸಿಕೆಯನ್ನೇ ದನಗಳಿಗೆ ಹಾಕಿಸಲು ಪಶು ಆಸ್ಪತ್ರೆಯ ಸಿಬ್ಬಂದಿ ಊರೂರು ಅಲೆದರು. ಹತ್ತೂರಿನ ದನ ಒಂದು ಮೈದಾನದಲ್ಲಿ ಸೇರಿದರೆ ರೋಗ ಹತ್ತೂರಿಗೂ ಹಂಚಿಹೋಗುತ್ತದೆ ಎಂಬುದನ್ನು ಶಿಗ್ಗಾವಿ, ಹಾನಗಲ್ಲ, ಸವಣೂರು, ಹಿರೇಕೆರೂರು ಸೀಮೆಯ ರೈತರಿಗೆ ಆಮೇಲೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆದರೆ ಈ ತಿಳಿವಳಿಕೆ ಎತ್ತು, ಎಮ್ಮೆ, ಕುರಿಗಳ ಮಟ್ಟಿಗೆ ಇದೆ. ಅದೇ ಮೇಳದ ಮೂಲೆಯಲ್ಲಿ ತಂತಿಯ ಪಂಜರದೊಳಗೆ ಕೂತ ಮೊಲದ ವಿಷಯದಲ್ಲಿ ಇಲ್ಲ.

ಹುಬ್ಬಳ್ಳಿ–ಹಾವೇರಿ ಹೆದ್ದಾರಿಯ ಮೇಲಿರುವ ತಡಸ ಎಂದರೆ ಮುಂಡಗೋಡ, ಕಲಘಟಗಿ ಕಡೆಯಿಂದ ಬಂದವರು ಬಸ್ಸು ಬದಲಿಸುವ ಊರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್‌ ತಿಂಗಳಲ್ಲಿ ಕೃಷಿ ಮೇಳ ನಡೆಯುವಾಗ ಈ ದಾರಿಯಲ್ಲಿ ಟ್ರ್ಯಾಕ್ಸು, ಟೆಂಪೊಗಳು ತುಂಬಿ ಹೋಗುತ್ತವೆ. ಬೀಜ, ಪವರ್ ಟಿಲ್ಲರ್, ಹನಿ ನೀರಾವರಿ ಎಲ್ಲ ನೋಡಿ ಮುಗಿಸಿದ ಮೇಲೆ ಹೆಂಗಸರು ಮಕ್ಕಳ ಕಾಲು ತಿರುಗುವುದು ಜಾನುವಾರು ಪ್ರದರ್ಶನದ ಕಡೆಗೆ. ಬೀದರ್‌ನ ಪಶುಮೇಳವಿರಲಿ, ಬೆಂಗಳೂರಿನ ಜಿಕೆವಿಕೆಯ ಮೇಳವಿರಲಿ, ಜಾತ್ರೆಯ ಬದಿಯ ಸಣ್ಣ ಪ್ರದರ್ಶನವಿರಲಿ, ಎಲ್ಲಿಯಾದರೂ ಒಂದು ಮೊಲ ಕಂಡರೆ ಅಲ್ಲಿ ಮಕ್ಕಳ ಗುಂಪು ನೆರೆಯಿತೆಂದೇ ಲೆಕ್ಕ. ಖಿಲಾರಿ ಹೋರಿಯ ಹತ್ತಿರ ಹೋಗಲು ಹೆದರುವ ಮಗು ಮೊಲದ ಕಿವಿಗೆ ಕೈ ಹಾಕುತ್ತದೆ. ಹೋರಿ ಹಾಯುತ್ತದೆ, ಮೊಲ ಹಾಯುವುದಿಲ್ಲ.

ಈ ಭಾಗದ ಜನ ಪ್ರಾಣಿ ಸಾಕಣೆ ಅರಿಯದವರಲ್ಲ. ಬಂಕಾಪುರದಲ್ಲಿ ಖಿಲಾರಿ ತಳಿ ಸಂವರ್ಧನಾ ಕೇಂದ್ರವೇ ಇದೆ. ದೀಪಾವಳಿಯ ಹೋರಿ ಹಬ್ಬಕ್ಕೆ ಹೋರಿ ಕಟ್ಟುವವರನ್ನು ಕೇಳಿದರೆ ಅದಕ್ಕೆ ಏನು ತಿನ್ನಿಸಬೇಕು, ಎಷ್ಟು ಹೊತ್ತು ಓಡಿಸಬೇಕು, ಯಾವಾಗ ಮೈ ತೊಳೆಯಬೇಕು ಎಂದು ತಾಸುಗಟ್ಟಲೆ ಹೇಳುತ್ತಾರೆ. ಮೊಲದ ವಿಷಯ ಬಂದರೆ ಅದೇ ಮಂದಿ ಎರಡು ಮಾತಿನಲ್ಲಿ ಮುಗಿಸುತ್ತಾರೆ: ಗಜ್ಜರಿ ಹಾಕಬೇಕು, ನೀರು ಕೊಡಬಾರದು. ಎರಡೂ ತಪ್ಪು.

ನೀರಿನ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ನೀರು ಕುಡಿದರೆ ಮೊಲ ಸಾಯುತ್ತದೆ ಎಂಬ ನಂಬಿಕೆ ಎಲ್ಲಿ ಹುಟ್ಟಿತೋ, ಇವತ್ತಿಗೂ ಸಾಕುವವರಲ್ಲೇ ಅನೇಕರು ಅದನ್ನು ನಂಬಿದ್ದಾರೆ. ಎರಡು ಕೆ.ಜಿ. ತೂಕದ ಮೊಲಕ್ಕೆ ದಿನಕ್ಕೆ 100ರಿಂದ 300 ಮಿಲಿಲೀಟರ್‌ ನೀರು ಬೇಕು. ಬೇಸಿಗೆಯಲ್ಲಿ, ಹಾಲೂಡಿಸುವ ಹೆಣ್ಣಿಗೆ ಇನ್ನೂ ಹೆಚ್ಚು. ದಿನವಿಡೀ ಹಸಿ ಸೊಪ್ಪು ತಿನ್ನುವ ಮೊಲ ಬಟ್ಟಲಿನ ನೀರಿಗೆ ಅಷ್ಟಾಗಿ ಬಾಯಿ ಹಾಕದಿರಬಹುದು. ಅದನ್ನು ಕಂಡವರು ಮೊಲಕ್ಕೆ ನೀರೇ ಬೇಡ ಎಂದುಕೊಂಡಿರಬಹುದು. ಮೇಳದಲ್ಲಿ ಒಣ ತಿನಿಸು ಹಾಕಿ ನೀರು ಕೊಡದೆ ಬೆಳಿಗ್ಗೆಯಿಂದ ಸಂಜೆವರೆಗೆ ಕೂಡಿಸಿದರೆ ಅದರ ಹೊಟ್ಟೆ ಅಲ್ಲಿಗೇ ನಿಲ್ಲುತ್ತದೆ.

ಹೊಟ್ಟೆ ನಿಲ್ಲುವುದೆಂದರೆ ಬರೀ ಮಾತಲ್ಲ. ಮೊಲದ ಜೀರ್ಣಾಂಗ ಹಗಲು ರಾತ್ರಿ ನಡೆಯುತ್ತಲೇ ಇರಬೇಕಾದದ್ದು. ನಾರಿನಂಶ ಒಂದೇ ಸಮನೆ ಒಳಗೆ ಹೋಗುತ್ತಿದ್ದರೆ ಮಾತ್ರ ಅದು ನಡೆಯುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಬೇಡದ್ದು ಒಳಗೆ ಹೋದರೆ ಹಿಂದೆ ಬರುವ ದಾರಿಯಿಲ್ಲ. ಹತ್ತು ಹನ್ನೆರಡು ತಾಸು ಏನೂ ತಿನ್ನದ, ಹಿಕ್ಕೆ ಹಾಕದ ಮೊಲವನ್ನು ವೈದ್ಯರು ತುರ್ತು ಪ್ರಕರಣ ಎಂದೇ ನೋಡುತ್ತಾರೆ. ಇನ್ನು ಗಜ್ಜರಿ ಮೊಲದ ಊಟವಲ್ಲ, ಮಿಠಾಯಿ. ಊಟವೆಂದರೆ ಒಣ ಹುಲ್ಲು. ಹಾನಗಲ್ಲ, ಶಿಗ್ಗಾವಿಯ ಹೊಲಗಳಲ್ಲಿ ಹುಲ್ಲಿಗೇನೂ ಬರವಿಲ್ಲ. ಆದರೆ ಮೇಳದಲ್ಲಿ ಪಂಜರದ ತಂತಿಯ ನಡುವೆ ತೂರಿ ಬರುವುದು ಬಿಸ್ಕತ್ತು, ಕುರಕುರೆ, ಚಾಕಲೇಟು, ಚುರುಮುರಿ. ಹಾಕುವವರ ಮನಸ್ಸಿನಲ್ಲಿ ಇರುವುದು ಪ್ರೀತಿಯೇ. ಮರುದಿನ ಉಬ್ಬರಿಸಿದ ಹೊಟ್ಟೆ ಮಾತ್ರ ಮೊಲದ್ದು. ಬೂಸು ಹಿಡಿದ ಗೋವಿನಜೋಳ, ಶೇಂಗಾ ಹಿಂಡಿ ಇನ್ನೂ ಕೆಟ್ಟವು. ಅವುಗಳಲ್ಲಿ ಬೆಳೆಯುವ ಅಫ್ಲಟಾಕ್ಸಿನ್‌ ವಿಷಕ್ಕೆ ಬೇಗ ಬಲಿಯಾಗುವ ಪ್ರಾಣಿಗಳಲ್ಲಿ ಮೊಲವೂ ಒಂದು.

ಬಿಸಿಲಿನದು ಇನ್ನೊಂದು ಕಥೆ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆಯೇ ಜಾತ್ರೆಗಳ ಸಾಲು. ಏಪ್ರಿಲ್‌ ಹೊತ್ತಿಗೆ ಹಾವೇರಿ ಸೀಮೆಯ ಮಧ್ಯಾಹ್ನ 37 ಡಿಗ್ರಿ ಮುಟ್ಟುವುದು ಹೊಸದಲ್ಲ. ಮೊಲಕ್ಕೆ ಹಿತವಾದ ಉಷ್ಣಾಂಶ 15ರಿಂದ 21 ಡಿಗ್ರಿ. 30 ದಾಟಿದರೆ ಅದು ಕಷ್ಟಪಡತೊಡಗುತ್ತದೆ, 35ರ ಮೇಲೆ ಪ್ರಾಣಕ್ಕೇ ಅಪಾಯ. ಮೈ ಬೆವರಿಸಿ ತಂಪಾಗುವ ಶಕ್ತಿ ಅದಕ್ಕಿಲ್ಲ. ಇರುವ ಮುಖ್ಯ ಉಪಾಯವೆಂದರೆ ಆ ಉದ್ದನೆಯ ಕಿವಿಗಳು. ಅವುಗಳ ರಕ್ತನಾಳಗಳ ಮೂಲಕ ಮೈಯ ಬಿಸಿ ಹೊರಗೆ ಹೋಗುತ್ತದೆ. ತಗಡಿನ ಶೀಟು ಹೊದಿಸಿದ ಮಳಿಗೆಯಲ್ಲಿ, ಸುತ್ತ ಜನ ಮುತ್ತಿಕೊಂಡು ಗಾಳಿಯೇ ಆಡದ ಕಡೆ, ಆ ಕಿವಿಗಳಾದರೂ ಏನು ಮಾಡಿಯಾವು? ಕಿವಿ ಕೆಂಪಗೆ ಕಾದಿದ್ದರೆ, ಮೊಲ ಮೈ ಚಾಚಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ ತಡ ಮಾಡುವಂತಿಲ್ಲ. ಅದನ್ನು ನೆರಳಿಗೆ ಒಯ್ದು ಕಿವಿಗಳಿಗೆ ತಂಪು ನೀರು ಸವರಬೇಕು. ಬಕೆಟ್ಟಿನಲ್ಲಿ ಮುಳುಗಿಸಬಾರದು, ಮಂಜುಗಡ್ಡೆ ನೀರೂ ಸಲ್ಲದು. ಆ ಆಘಾತವೇ ಅದನ್ನು ಕೊಂದೀತು. ಹೊಸ ಯಂತ್ರವೇನೂ ಬೇಕಿಲ್ಲ. ಒದ್ದೆ ಗೋಣಿಚೀಲದ ಪರದೆ, ನೀರು ತುಂಬಿ ಹೆಪ್ಪುಗಟ್ಟಿಸಿ ಬಟ್ಟೆ ಸುತ್ತಿದ ಪ್ಲಾಸ್ಟಿಕ್‌ ಬಾಟಲಿ, ಒಂದು ಫ್ಯಾನು ಇಷ್ಟಿದ್ದರೆ ಬಹಳ ಮೊಲಗಳು ಬದುಕುತ್ತವೆ.

ದಾರಿಯಲ್ಲೇ ಅರ್ಧ ಕೆಡುಕು ಆಗಿಹೋಗಿರುತ್ತದೆ ಎಂಬುದನ್ನೂ ಹೇಳಬೇಕು. ಟಾಟಾ ಏಸ್‌ನಲ್ಲಿ ಪಂಜರದ ಮೇಲೆ ಪಂಜರ ಪೇರಿಸಿ ತಂದರೆ ಮೇಲಿನದರ ಮೂತ್ರ ಕೆಳಗಿನದರ ಮೈಮೇಲೆ. ಆ ಅಮೋನಿಯ ವಾಸನೆ ಮೂಗಿನ ಒಳಪದರವನ್ನು ಸುಡುತ್ತದೆ. ಮೊಲ ಉಸಿರಾಡುವುದು ಮೂಗಿನಿಂದಲೇ. ಸುಟ್ಟ ಮೂಗಿನೊಳಗೆ ಕಾದು ಕೂತಿರುವುದು ಪಾಶ್ಚುರೆಲ್ಲಾ ಮಲ್ಟೊಸಿಡಾ ಎಂಬ ರೋಗಾಣು.

ಈ ಹೆಸರು ಹೊಸದೆನಿಸಿದರೂ ರೈತರಿಗೆ ಅದರ ಬಳಗದ ಪರಿಚಯವಿದೆ. ಮಳೆಗಾಲಕ್ಕೆ ಮೊದಲು ದನ, ಎಮ್ಮೆಗಳಿಗೆ ಹಾಕಿಸುವ ಗಂಟಲು ಬೇನೆಯ ಲಸಿಕೆ ಇದೇ ರೋಗಾಣುವಿನ ಇನ್ನೊಂದು ಬಗೆಯ ವಿರುದ್ಧ. ಮೊಲಗಳಲ್ಲಿ ಅದು ನೆಗಡಿಯಾಗಿ ಕಾಣಿಸಿಕೊಳ್ಳುತ್ತದೆ: ಸೀನು, ಬಿಳಿ ಸಿಂಬಳ, ಮೂಗು ಒರೆಸಿಕೊಂಡು ಅಂಟಂಟಾದ ಮುಂಗಾಲು. ಬಹಳಷ್ಟು ಮೊಲಗಳು ಯಾವ ಲಕ್ಷಣವನ್ನೂ ತೋರದೆ ಅದನ್ನು ಹೊತ್ತುಕೊಂಡಿರುತ್ತವೆ. ಪ್ರಯಾಣ, ಗದ್ದಲ, ಬಿಸಿಲು ಸೇರಿ ಮೈ ಸೋತಾಗ ರೋಗ ತಲೆಯೆತ್ತುತ್ತದೆ, ಪಕ್ಕದ ಪಂಜರಕ್ಕೂ ದಾಟುತ್ತದೆ. ಮೇಳಕ್ಕೆ ಮೊಲ ತರುವವರು ಅದರ ಮುಂಗಾಲಿನ ಒಳಬದಿಯನ್ನು ತಿರುಗಿಸಿ ನೋಡುವ ಅಭ್ಯಾಸವೊಂದನ್ನು ಇಟ್ಟುಕೊಂಡರೆ ಸಾಕು, ಅರ್ಧ ತಪಾಸಣೆ ಮುಗಿಯಿತು. ಅಲ್ಲಿ ಕೂದಲು ಅಂಟಿಕೊಂಡಿದ್ದರೆ ಆ ಮೊಲ ಮನೆಯಲ್ಲೇ ಇರಲಿ.

ಕಿವಿಯ ಒಳಗೂ ನೋಡಬೇಕು. ಕಂದು ಹೊಪ್ಪಳಿಕೆ ಕಟ್ಟಿದ್ದರೆ ಅದು ಉಣ್ಣೆಯ ಜಾತಿಯ ಅತಿಸಣ್ಣ ಹುಳುಗಳಿಂದ ಬರುವ ಕಿವಿ ಕಜ್ಜಿ. ಮೂಗು, ಕಾಲ್ಬೆರಳ ಸುತ್ತ ಕೂದಲುದುರಿ ಬಿಳಿ ಹೊಟ್ಟು ಕಂಡರೆ ತುರಿಕಜ್ಜಿ ಇಲ್ಲವೇ ಹುಳುಕಡ್ಡಿ ಇರಬಹುದು. ಇವೆರಡೂ ಎತ್ತಿಕೊಂಡವರ ಕೈಗೂ ದಾಟುತ್ತವೆ. ಮಗುವಿನ ಕೈಯಲ್ಲಿ ಮೊಲ ಕೊಟ್ಟು ಫೋಟೊ ತೆಗೆದು ಹತ್ತಿಪ್ಪತ್ತು ರೂಪಾಯಿ ಕೇಳುವವರು ಜಾತ್ರೆಗಳಲ್ಲಿ ಸಿಗುತ್ತಾರೆ. ದಿನಕ್ಕೆ ನೂರು ಕೈ ಬದಲಾಗುವ ಆ ಮೊಲದಿಂದ ಏನೇನು ಎಲ್ಲೆಲ್ಲಿಗೆ ಹೋಯಿತೋ ಯಾರು ಲೆಕ್ಕ ಇಟ್ಟವರು? ಈ ಫೋಟೊ ದಂಧೆಗೆ ಯಾವ ರಿಯಾಯಿತಿಯೂ ಬೇಡ, ಮೇಳದ ಸಂಘಟಕರು ಅದನ್ನು ಒಳಗೇ ಬಿಡಬಾರದು.

ಹಿಡಿಯುವ ಬಗೆ ಗೊತ್ತಿಲ್ಲದಿದ್ದರೆ ರೋಗದ ಹಂಗೂ ಇಲ್ಲದೆ ಮೊಲ ಹಾಳಾಗುತ್ತದೆ. ಸಿನಿಮಾದಲ್ಲಿ, ಮದ್ದಿನ ಜಾಹೀರಾತಿನಲ್ಲಿ ಕಿವಿ ಹಿಡಿದು ನೇತಾಡಿಸುವುದನ್ನು ನೋಡಿ ಕಲಿತವರೇ ಹೆಚ್ಚು. ಮೊಲದ ಎಲುಬುಗಳು ತೀರಾ ಹಗುರ, ಮೈತೂಕದ ಏಳೆಂಟು ಶೇಕಡಾ ಮಾತ್ರ. ಹಿಂಗಾಲಿನ ಸ್ನಾಯುಗಳು ಮಾತ್ರ ಬಲು ಜೋರು. ಹೆದರಿ ಜಾಡಿಸಿ ಒದ್ದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಂಡು ಹಿಂಗಾಲು ಎಳೆಯುವ ಸ್ಥಿತಿಗೆ ಬರುತ್ತದೆ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇಟ್ಟು ಮೈಗೆ ಒತ್ತಿ ಹಿಡಿಯಬೇಕು. ಅದೂ ಸಾಕಿದವರು ಮಾತ್ರ. ಮೇಳಕ್ಕೆ ಬಂದವರಿಗೆ ನೋಟವೊಂದೇ ಸಾಕು.

ಮಕ್ಕಳು ಕೈ ಹಾಕಿದಾಗ ಮೊಲ ಅಲುಗಾಡದೆ ಕೂತರೆ ಅದಕ್ಕೆ ಖುಷಿಯಾಗಿದೆ ಎಂದು ದೊಡ್ಡವರು ಹೇಳುತ್ತಾರೆ. ನಿಜ ಅದರ ತದ್ವಿರುದ್ಧ. ಬೇಟೆಗೆ ಸಿಗುವ ಪ್ರಾಣಿ ಅದು. ಓಡಲು ಜಾಗವಿಲ್ಲದಾಗ ಮರಗಟ್ಟಿ ಕೂರುತ್ತದೆ. ಮೊಲದ ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಸುತ್ತಲೂ ಕಾಣುತ್ತದೆ, ಕಾಣದಿರುವುದು ಮೂಗಿನ ಮುಂದಿನ ಚೂರು ಜಾಗ. ಮಕ್ಕಳ ಬೆರಳು ಬರುವುದು ಸರಿಯಾಗಿ ಅಲ್ಲಿಗೇ. ಮೇಲಿನಿಂದ ಧ್ವನಿವರ್ಧಕ ಬೇರೆ. ಪಂಜರದೊಳಗೆ ಅಡಗಲು ಒಂದು ರಟ್ಟಿನ ಪೆಟ್ಟಿಗೆ ಇಟ್ಟರೆ ಜನರಿಗೆ ಮೊಲ ಕಾಣುವುದಿಲ್ಲ ಎಂಬ ತಕರಾರು ಬರುತ್ತದೆ. ಸ್ವಲ್ಪ ಹೊತ್ತು ಕಾಣದಿರಲಿ, ಏನಾಯಿತು?

ಮೇಳದಿಂದ ಮನೆಗೆ ಹೋದ ಮೇಲೆ ಏನು? ಇದನ್ನು ಕೇಳುವವರೇ ಇಲ್ಲ. ಬಂದ ಮೊಲವನ್ನು ನೇರವಾಗಿ ಹಳೆಯ ಗೂಡಿಗೆ ಬಿಡುತ್ತಾರೆ. ಕನಿಷ್ಠ ಎರಡು ವಾರ, ಸಾಧ್ಯವಾದರೆ ಒಂದು ತಿಂಗಳು, ಅದನ್ನು ಬೇರೆಯಾಗಿಯೇ ಇಡಬೇಕು. ಉಳಿದವಕ್ಕೆ ಮೇವು ನೀರು ಹಾಕಿ ಮುಗಿಸಿದ ಮೇಲೆ ಕೊನೆಗೆ ಇದರ ಹತ್ತಿರ ಹೋಗಬೇಕು. ಮರಿಗಳನ್ನು ಕೊಲ್ಲುವ ಕಾಕ್ಸಿಡಿಯೋಸಿಸ್‌ ರೋಗದ ಮೊಟ್ಟೆಗಳು ಹಿಕ್ಕೆಯ ಜತೆ ಬಂದು ಪಂಜರಕ್ಕೆ ಅಂಟಿಕೊಂಡಿರುತ್ತವೆ. ಸೆಪ್ಟೆಂಬರಿನ ಜಿಟಿಜಿಟಿ ಮಳೆಯ ತೇವ, ಹದವಾದ ಬಿಸುಪು ಅವಕ್ಕೆ ಹೇಳಿ ಮಾಡಿಸಿದ್ದು. ಮಾಮೂಲಿ ಫಿನಾಯಿಲ್‌ಗೆ ಅವು ಜಗ್ಗುವುದಿಲ್ಲ. ಕಬ್ಬಿಣದ ಪಂಜರವನ್ನು ಉಜ್ಜಿ ತೊಳೆದು, ಕುದಿಯುವ ನೀರು ಹೊಯ್ದು ಇಲ್ಲವೇ ಬೆಂಕಿಯ ಜ್ವಾಲೆ ಆಡಿಸಿ, ಬಿಸಿಲಿಗೆ ಒಣಗಿಸಬೇಕು.

ಮೊಲದ ರೋಗದಿಂದ ದೇಶವೇ ನಡುಗಿದ ಉದಾಹರಣೆಯೂ ಇದೆ. 1984ರಲ್ಲಿ ಚೀನಾಕ್ಕೆ ಜರ್ಮನಿಯಿಂದ ತರಿಸಿದ ಅಂಗೋರಾ ಮೊಲಗಳ ನಡುವೆ ಹೊಸ ವೈರಸ್‌ ರೋಗವೊಂದು ಕಾಣಿಸಿತು. ಒಳಗೊಳಗೇ ರಕ್ತಸ್ರಾವವಾಗಿ, ಲಿವರ್‌ ಕೊಳೆತು, ಒಂದೆರಡು ದಿನದಲ್ಲಿ ಮೊಲ ಸಾಯುತ್ತಿತ್ತು. ವರ್ಷ ಕಳೆಯುವುದರೊಳಗೆ ಸತ್ತ ಮೊಲಗಳ ಅಂದಾಜು 14 ಕೋಟಿ. ಅದರ ಎರಡನೆಯ ಬಗೆ 2010ರಲ್ಲಿ ಫ್ರಾನ್ಸಿನಲ್ಲಿ ಪತ್ತೆಯಾಯಿತು. 2020ರಲ್ಲಿ ಅದು ಅಮೆರಿಕದ ನೈರುತ್ಯ ರಾಜ್ಯಗಳ ಕಾಡುಮೊಲಗಳಲ್ಲಿ ಹಬ್ಬಿದಾಗ ಮೊಲದ ಪ್ರದರ್ಶನಗಳು ರದ್ದಾದವು. ಮನುಷ್ಯರಿಗೆ ಈ ರೋಗ ಬರುವುದಿಲ್ಲ, ಆದರೆ ಮನುಷ್ಯರ ಚಪ್ಪಲಿ, ಬಟ್ಟೆ, ಪಂಜರ, ಮೇವಿನ ಮೇಲೆ ಕೂತು ಊರಿಂದೂರಿಗೆ ಹೋಗುತ್ತದೆ. ಇಲ್ಲಿಯ ಜನರನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಮೊಲದ ಪ್ರದರ್ಶನ ನೂರು ವರ್ಷದಿಂದ ನಡೆಯುತ್ತಿರುವ ಅಮೆರಿಕದಂಥ ದೇಶಕ್ಕೂ ಆಮೇಲೆ ಎಚ್ಚರವಾಯಿತು ಎನ್ನುವುದಕ್ಕೆ ಹೇಳಬೇಕಾಯಿತು. ಅಲ್ಲಿಯ ಮೊಲ ಸಾಕಣೆದಾರರ ಸಂಘ ಹುಟ್ಟಿದ್ದು 1910ರಲ್ಲಿ. ಅದರ ನಿಯಮದಲ್ಲಿ ಸಿಂಬಳ ಸುರಿಸುವ, ಕಿವಿ ಕಜ್ಜಿ ಇರುವ ಮೊಲ ಎಷ್ಟೇ ಚೆಂದವಿದ್ದರೂ ಸ್ಪರ್ಧೆಯಿಂದ ಹೊರಗೆ.

ನಮ್ಮಲ್ಲಿ ಕಾನೂನು ಇಲ್ಲವೆನ್ನಲಾಗದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಪ್ರಾಣಿ ಹೊರಳಾಡಲಾಗದಷ್ಟು ಸಣ್ಣ ಪಂಜರದಲ್ಲಿ ಇಡುವುದು, ಸಾಕಿದ ಪ್ರಾಣಿಗೆ ನೀರು, ಆಹಾರ, ನೆರಳು ಕೊಡದಿರುವುದು ಎರಡೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಮೊಲದ ಜತೆ ಒಂದು ಫೋಟೊ ತೆಗೆಸಿಕೊಳ್ಳುವ ದರವೇ ಅದರ ಹತ್ತಿರ ಬಂದು ನಿಂತಿದೆ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ನಾಯಿ, ಬೆಕ್ಕುಗಳ ಜತೆ ಮೊಲವನ್ನೂ ಹೆಸರಿಸಿ, ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು ಎನ್ನುತ್ತವೆ. ಸಂತೆಯ ಬುಟ್ಟಿಯಲ್ಲಿ ಮರಿ ಮಾರುವವರಿಗೆ ಈ ನಿಯಮದ ಸುದ್ದಿಯೇ ಮುಟ್ಟಿಲ್ಲ. ಇನ್ನೂ ತಾಯಿಯ ಹಾಲು ಬಿಡದ ಮರಿಗಳನ್ನು ಇದು ಸಣ್ಣ ಜಾತಿ, ಹೀಗೇ ಇರುತ್ತದೆ ಎಂದು ಮಾರುವವರಿದ್ದಾರೆ. ಹಾಲು ಬಿಡಲು ಐದಾರು ವಾರವಾದರೂ ಬೇಕು. ಮಕ್ಕಳ ಹಟಕ್ಕೆ ಕೊಂಡುಹೋದ ಆ ಮರಿ ವಾರ ಬದುಕಿದರೆ ಹೆಚ್ಚು.

ಹಾಗಾದರೆ ಪ್ರದರ್ಶನವೇ ಬೇಡವೆ? ಹಾಗೆ ಹೇಳುವ ಪ್ರಾಣಿಪ್ರಿಯರ ಮಾತಿನಲ್ಲಿ ಸತ್ಯವಿದೆ, ಆದರೂ ಅದು ಪೂರ್ತಿ ಒಪ್ಪುವ ಮಾತಲ್ಲ. 2012ರ ಜಾನುವಾರು ಗಣತಿಯಲ್ಲಿ ದೇಶದ ಸಾಕುಮೊಲಗಳ ಸಂಖ್ಯೆ ಆರು ಲಕ್ಷದ ಸಮೀಪವಿತ್ತು. ಅಂದರೆ ಸರ್ಕಾರ ಇದನ್ನು ಜಾನುವಾರೆಂದೇ ಎಣಿಸುತ್ತದೆ. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಗೆ ಕೊಡೈಕನಾಲ್‌ ಬಳಿಯ ಮನ್ನವನೂರಿನಲ್ಲಿ ದಕ್ಷಿಣ ಭಾರತದ ಕೇಂದ್ರವಿದೆ. ವೈಟ್‌ ಜೈಂಟ್‌, ಸೋವಿಯೆಟ್‌ ಚಿಂಚಿಲ್ಲಾ ತಳಿಯ ಮೊಲಗಳು ಅಲ್ಲಿಂದ ರೈತರಿಗೆ ಸಿಗುತ್ತವೆ. ಮೊಲ ಸಾಕಿ ಲಕ್ಷ ಗಳಿಸಿ ಎಂಬ ಜಾಹೀರಾತು ನಂಬಿ ಕೈ ಸುಟ್ಟುಕೊಂಡವರೂ ಕಡಿಮೆಯಿಲ್ಲ. ಅಂಥ ರೈತ ದುಡ್ಡು ಹಾಕುವ ಮೊದಲು ತಳಿ ಹೇಗಿರುತ್ತದೆ, ಗೂಡು ಹೇಗಿರಬೇಕು, ರೋಗ ಏನೇನು ಎಂದು ಕಣ್ಣಾರೆ ನೋಡಲು ಕೃಷಿ ಮೇಳಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಸೊರಗಿದ, ಸೀನುವ ಮೊಲವನ್ನು ತೋರಿಸಿದರೆ ರೈತ ಕಲಿಯುವುದು ಅದನ್ನೇ.

ಔಷಧದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಮೊಲ ಮಂಕಾಯಿತೆಂದು ಮೆಡಿಕಲ್‌ ಅಂಗಡಿಯಿಂದ ಅಮಾಕ್ಸಿಸಿಲಿನ್‌ ತಂದು ಬಾಯಿಗೆ ಹಾಕುವುದು ಅದನ್ನು ಕೊಂದಂತೆಯೇ. ಪೆನಿಸಿಲಿನ್‌ ಬಳಗದ ಔಷಧಗಳು ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಅಳಿಸಿ, ವಿಷಕಾರಿ ಜೀವಿಗಳಿಗೆ ದಾರಿ ಬಿಡುತ್ತವೆ. ನಾಯಿಗೆ ಉಣ್ಣೆ ಹೋಗಲೆಂದು ಹಾಕುವ ಫಿಪ್ರೊನಿಲ್‌ ಕೂಡ ಮೊಲಕ್ಕೆ ವಿಷ. ಕಜ್ಜಿಗೆ ಪಶುವೈದ್ಯರು ತೂಕ ನೋಡಿ ಕೊಡುವ ಔಷಧವಿದೆ, ಅದು ದುಬಾರಿಯದೂ ಅಲ್ಲ.

ಮುಂದಿನ ಮೇಳ, ಜಾತ್ರೆಗಳನ್ನು ನಡೆಸುವವರ ಮುಂದೆ ಕೆಲವು ಬೇಡಿಕೆಗಳಿವೆ. ಪ್ರವೇಶ ದ್ವಾರದಲ್ಲಿ ಹೋರಿ, ಕುರಿಗಳನ್ನು ನೋಡುವ ಪಶುವೈದ್ಯರೇ ಪ್ರತಿ ಮೊಲದ ಮೂಗು, ಕಿವಿ, ಮುಂಗಾಲು, ಹಿಂಭಾಗವನ್ನು ನೋಡಲಿ. ಒಂದು ಮೊಲಕ್ಕೆ ಎರಡು ನಿಮಿಷ ಸಾಕು. ಸಂಶಯ ಬಂದದ್ದನ್ನು ವಾಪಸು ಕಳಿಸುವ ಅಧಿಕಾರವೂ ಅವರಿಗಿರಲಿ. ಗಬ್ಬದ ಮೊಲ, ಮರಿ ಹಾಕಿದ ಮೊಲ ಮೇಳಕ್ಕೆ ಬರುವುದೇ ಬೇಡ. ಹೆದರಿದ ತಾಯಿ ಮರಿಗಳನ್ನೇ ತಿಂದುಬಿಟ್ಟ ಪ್ರಸಂಗಗಳು ಸಾಕುವವರಿಗೆ ಗೊತ್ತು. ಬೆಳಿಗ್ಗೆ ತಂಪಿನ ನಾಲ್ಕು ತಾಸು ತೋರಿಸಿ ಮಧ್ಯಾಹ್ನಕ್ಕೆ ಮೊದಲು ಒಳಗೆ ಒಯ್ಯಲಿ, ಉಳಿದ ಹೊತ್ತಿಗೆ ವಿಡಿಯೊ ಹಾಕಲಿ. ಪಂಜರದಿಂದ ಮೂರಡಿ ದೂರಕ್ಕೆ ಹಗ್ಗ ಕಟ್ಟಲಿ. ಏಪ್ರಿಲ್‌, ಮೇ ತಿಂಗಳ ಜಾತ್ರೆಗಳಿಗೆ ಮೊಲ ತರುವುದನ್ನು ಗ್ರಾಮ ಪಂಚಾಯಿತಿಗಳು ನಿಲ್ಲಿಸಿದರೆ ಯಾವ ದೇವರೂ ಮುನಿಯುವುದಿಲ್ಲ.

ಮೇಳಕ್ಕೆ ಹೋಗುವವರೂ ಜೇಬಿನ ಬಿಸ್ಕತ್ತನ್ನು ಜೇಬಿನಲ್ಲೇ ಇಟ್ಟುಕೊಳ್ಳಲಿ, ಮಕ್ಕಳ ಕೈಯನ್ನು ಸಾಬೂನಿನಿಂದ ತೊಳೆಯಿಸಲಿ. ಬಾಯಿ ತೆರೆದು ಉಸಿರಾಡುವ ಮೊಲ ಕಂಡರೆ ಮೊಬೈಲು ತೆಗೆಯಬೇಕಾದ್ದು ಫೋಟೊಕ್ಕಲ್ಲ. ಮಳಿಗೆಯವರನ್ನು, ಮೇಳದ ಪಶುವೈದ್ಯರನ್ನು ಕೂಡಲೇ ಕರೆಯಿರಿ. ಅವರು ಸಿಗದಿದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ.